ಬಾಗಿಲು ಮುಚ್ಚಿದಾಗ: ವಿಮಾನ ನಿರ್ಬಂಧದ ಆದೇಶವನ್ನು ಓದುವುದು ಹೇಗೆ?

ಈ ವರ್ಷ ನಮ್ಮ ಸಂಘಕ್ಕೆ ಸೇರಿದ ಹೊಸಬರಲ್ಲಿ ಹೆಚ್ಚಿನವರು ಕೋವಿಡ್ ಬಂದಾಗ ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಇದ್ದವರು. ಅವರಿಗೆ ಆ ಕಾಲ ಅಂದ್ರೆ ಮೊಬೈಲಿನಲ್ಲಿ ಕ್ಲಾಸು, ರದ್ದಾದ ಪರೀಕ್ಷೆ, ಮನೆಯೊಳಗೇ ಕಳೆದ ಎರಡು ಬೇಸಿಗೆ. ಆಗ ಅಮೆರಿಕದಲ್ಲಿ ಓದುತ್ತಿದ್ದ ಕನ್ನಡದ ವಿದ್ಯಾರ್ಥಿಗಳಿಗೆ ಅದರ ಜೊತೆಗೆ ಇನ್ನೊಂದು ಚಿಂತೆ ಇತ್ತು: ಊರಲ್ಲಿ ಅಪ್ಪ ಅಮ್ಮನಿಗೆ ಏನಾದರೂ ಆದರೆ ಹೋಗೋಕೆ ಆಗುತ್ತಾ? ಹೋದರೆ ವಾಪಸ್ ಬರೋಕೆ ಆಗುತ್ತಾ?

ಹಳೆಯ ಕಥೆಯನ್ನು ಮತ್ತೆ ಹೇಳುವುದಕ್ಕೆ ಒಂದು ಕಾರಣ ಇದೆ. ಮುಂದೆ ಇನ್ನೊಂದು ಸಾಂಕ್ರಾಮಿಕ ಬರಬಹುದು, ಬರದೆಯೂ ಇರಬಹುದು. ಬಂದರೆ ಸರ್ಕಾರಗಳು ಮೊದಲು ಕೈ ಹಾಕುವ ವಿಷಯಗಳಲ್ಲಿ ವಿಮಾನವೂ ಒಂದು ಅನ್ನೋದನ್ನು 2020 ತೋರಿಸಿದೆ. ಆಗ ಟಿವಿಯಲ್ಲಿ ‘ಭಾರತದಿಂದ ಪ್ರಯಾಣ ನಿಷೇಧ’ ಅಂತ ಒಂದು ಸಾಲು ಓಡುತ್ತದೆ. ಆ ಒಂದು ಸಾಲನ್ನು ನಂಬಿ ನಿರ್ಧಾರ ಮಾಡಿದವರು ಕಷ್ಟಪಟ್ಟರು. ಆದೇಶದ ಒಳಗೆ ಏನಿದೆ ಅಂತ ಓದಿದವರಿಗೆ ಕೆಲವು ಸಲವಾದರೂ ದಾರಿ ಸಿಕ್ಕಿತು. ಆ ಓದುವ ಕ್ರಮವನ್ನು ಹೇಳೋದೇ ಈ ಲೇಖನದ ಉದ್ದೇಶ.

ಮೊದಲು, ಆಗ ನಡೆದದ್ದೇನು?

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಅಂತ ಕರೆಯಿತು. ಎರಡೇ ದಿನದಲ್ಲಿ ಭಾರತ ಬಹುತೇಕ ಎಲ್ಲ ವೀಸಾಗಳನ್ನೂ ಅಮಾನತಿನಲ್ಲಿಟ್ಟಿತು. ಓಸಿಐ ಕಾರ್ಡಿನ ವೀಸಾರಹಿತ ಪ್ರವೇಶಕ್ಕೂ ಅದೇ ಗತಿಯಾಯ್ತು. ಮಾರ್ಚ್ 22ರ ಬಳಿಕ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಭಾರತದಲ್ಲಿ ಇಳಿಯುವಂತಿರಲಿಲ್ಲ. ಮೊದಲು ಇದನ್ನು ಒಂದು ವಾರಕ್ಕೆ ಅಂತ ಹೇಳಿದ್ದರು. ಆ ‘ಒಂದು ವಾರ’ ಬೆಳೀತಾ ಬೆಳೀತಾ ಎರಡು ವರ್ಷವಾಯಿತು. ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ.

ಇಲ್ಲೊಂದು ಮಾತು ನೆನಪಿಡಬೇಕು. ನಿರ್ಬಂಧದ ಮೊದಲ ಆದೇಶದಲ್ಲಿರುವ ಕೊನೆಯ ದಿನಾಂಕವನ್ನು ಯಾವತ್ತೂ ನಂಬಿ ಲೆಕ್ಕ ಹಾಕಬೇಡಿ. ಅದು ಸರ್ಕಾರ ಮತ್ತೊಮ್ಮೆ ಕೂತು ಯೋಚಿಸುವ ದಿನ, ಅಷ್ಟೆ.

ಆ ಎರಡು ವರ್ಷ ಜನ ಪ್ರಯಾಣ ಮಾಡಲೇ ಇಲ್ಲವೇ? ಮಾಡಿದರು, ಬೇರೆ ಬೇರೆ ಕಿಂಡಿಗಳಿಂದ. ಮೊದಲ ಕಿಂಡಿ ವಂದೇ ಭಾರತ್ ಮಿಷನ್. 2020ರ ಮೇ 7ರಂದು ಅಬುಧಾಬಿ ಮತ್ತು ದುಬೈಯಿಂದ ಕೇರಳಕ್ಕೆ ಮೊದಲ ವಿಮಾನಗಳು ಬಂದವು. ಬೆಂಗಳೂರಿಗೆ ಈ ಯೋಜನೆಯ ಮೊದಲ ವಿಮಾನ ಮೇ 11ರ ಬೆಳಗಿನ ಜಾವ ಲಂಡನ್ನಿನಿಂದ ಬಂತು. ದೂತಾವಾಸದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಗರ್ಭಿಣಿಯರು, ವಯಸ್ಸಾದವರು, ಕಾಯಿಲೆಯವರು, ಕುಟುಂಬದಲ್ಲಿ ಸಾವಾದವರು, ಹಾಸ್ಟೆಲ್ ಮುಚ್ಚಿ ನೆಲೆ ಕಳಕೊಂಡ ವಿದ್ಯಾರ್ಥಿಗಳು, ಇವರಿಗೆ ಆದ್ಯತೆ. ಟಿಕೆಟ್ ಖರ್ಚು ನಮ್ಮದೇ, ಅಮೆರಿಕದಿಂದ ಸುಮಾರು ಒಂದು ಲಕ್ಷ ರೂಪಾಯಿ. ಇಳಿದ ಮೇಲೆ 14 ದಿನ ಸಾಂಸ್ಥಿಕ ಕ್ವಾರಂಟೈನ್, ಅದರ ಖರ್ಚೂ ನಮ್ಮದೇ. ಮೇ ಕೊನೆಗೆ ಅದು ಏಳು ದಿನ ಹೊರಗೆ, ಏಳು ದಿನ ಮನೆಯಲ್ಲಿ ಅಂತ ಸಡಿಲವಾಯಿತು.

ಎರಡನೇ ಕಿಂಡಿ ಏರ್ ಬಬಲ್. ಇದು ಹುಟ್ಟಿದ್ದರ ಹಿಂದೆ ವ್ಯಾಪಾರದ ಜಗಳವೂ ಇತ್ತು. ಏರ್ ಇಂಡಿಯಾ ಅಮೆರಿಕಕ್ಕೆ ಬಂದು ಹೋಗುತ್ತಾ ಟಿಕೆಟ್ ಮಾರುತ್ತಿದೆ, ನಮ್ಮ ಕಂಪನಿಗಳಿಗೆ ಮಾತ್ರ ಭಾರತದಲ್ಲಿ ಇಳಿಯಲು ಅವಕಾಶವಿಲ್ಲ ಅಂತ ಅಮೆರಿಕದ ಸಾರಿಗೆ ಇಲಾಖೆ 2020ರ ಜೂನ್‌ನಲ್ಲಿ ತಕರಾರು ಎತ್ತಿತು. ಇನ್ನು ಮುಂದೆ ಏರ್ ಇಂಡಿಯಾ ತನ್ನ ಚಾರ್ಟರ್ ವಿಮಾನಗಳಿಗೆ ಮುಂಚಿತವಾಗಿ ಅನುಮತಿ ಕೇಳಬೇಕು ಅಂತ ಆದೇಶವನ್ನೂ ಹೊರಡಿಸಿತು. ಮುಂದಿನ ತಿಂಗಳೇ ಭಾರತ ಅಮೆರಿಕ, ಫ್ರಾನ್ಸ್ ಮತ್ತು ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡಿತು: ಎರಡೂ ದೇಶದ ಕಂಪನಿಗಳು ಇಷ್ಟಿಷ್ಟು ವಿಮಾನ ಹಾರಿಸಬಹುದು, ಇಂತಿಂಥವರು ಹತ್ತಬಹುದು. ಹೀಗೆ ಒಂದೊಂದೇ ದೇಶ ಸೇರುತ್ತಾ ಹೋಯಿತು. ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಶುರುವಾದದ್ದೂ ಈ ಬಬಲ್ ಕಾಲದಲ್ಲೇ. 2021ರ ಜನವರಿ 9ರಂದು ಅಲ್ಲಿಂದ ಹೊರಟ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನ ದಾರಿಯಲ್ಲಿ ಹಾರಿಸಿ ಬೆಂಗಳೂರಿಗೆ ತಂದರು.

ಆದೇಶದ ಒಳಗಿನ ಐದು ಪ್ರಶ್ನೆಗಳು

ಆ ಎರಡು ವರ್ಷದಲ್ಲಿ ಬಂದ ಆದೇಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ‘ನಿಷೇಧ’ ಅನ್ನೋ ಪದ ಒಂದೇ ಆದರೂ ಯಾವ ಆದೇಶವೂ ಎಲ್ಲರಿಗೂ ಒಂದೇ ಸಮ ಬಾಗಿಲು ಮುಚ್ಚಲಿಲ್ಲ. ಪ್ರತಿ ಆದೇಶವೂ ಪ್ರಯಾಣಿಕರಿಗೆ ಐದು ಪ್ರಶ್ನೆ ಕೇಳುತ್ತಿತ್ತು.

ಒಂದು: ನೀವು ಯಾರು? ಅಂದ್ರೆ ಪ್ರಜೆಯೋ, ಕಾಯಂ ನಿವಾಸಿಯೋ, ವೀಸಾದ ಮೇಲೆ ಇರುವವರೋ? ಇದು ಬಹಳ ಮುಖ್ಯ. ಒಂದೇ ಮನೆಯವರಿಗೂ ಬೇರೆ ಬೇರೆ ಉತ್ತರ ಇರಬಹುದು. 2020ರ ಮೇ ಮೊದಲ ವಾರಗಳಲ್ಲಿ ಕೆಲಸ ಕಳಕೊಂಡ ಎಚ್-1ಬಿ ಕುಟುಂಬಗಳು ಭಾರತಕ್ಕೆ ಹೊರಟಾಗ ತಂದೆ ತಾಯಿಗೆ ಸೀಟು ಇತ್ತು, ಇಲ್ಲಿ ಹುಟ್ಟಿದ ಕೂಸಿಗೆ ಇರಲಿಲ್ಲ. ಯಾಕೆಂದರೆ ಮಗುವಿನದು ಅಮೆರಿಕದ ಪಾಸ್‌ಪೋರ್ಟ್, ಅದರ ಓಸಿಐ ಅಮಾನತಿನಲ್ಲಿತ್ತು. ಮೇ 22ರಂದು ಸರ್ಕಾರ ಇಂಥ ಮಕ್ಕಳಿಗೆ ವಿನಾಯಿತಿ ಕೊಟ್ಟಿತು. ಕುಟುಂಬದಲ್ಲಿ ಸಾವಾದ ಓಸಿಐಗಳಿಗೂ, ತಂದೆ ತಾಯಿ ಭಾರತದಲ್ಲಿರುವ ಓಸಿಐ ವಿದ್ಯಾರ್ಥಿಗಳಿಗೂ ಅದೇ ಆದೇಶದಲ್ಲಿ ದಾರಿ ಸಿಕ್ಕಿತು. ಉಳಿದ ಓಸಿಐಗಳು ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಎರಡು: ಕಳೆದ 14 ದಿನ ಎಲ್ಲಿದ್ದಿರಿ? ಬಹಳ ಜನ ಇಲ್ಲಿ ಎಡವಿದರು. ಅಮೆರಿಕದ ನಿಷೇಧ ಭಾರತದ ಪಾಸ್‌ಪೋರ್ಟಿಗೆ ಸಂಬಂಧಿಸಿದ್ದು ಅಂತ ಅಂದುಕೊಂಡರು. ಅದು ಹಾಗಿರಲಿಲ್ಲ. ಪ್ರವೇಶಿಸುವ ಮುಂಚಿನ 14 ದಿನದಲ್ಲಿ ನೀವು ಭಾರತದ ನೆಲದಲ್ಲಿ ಇದ್ದಿರಾ ಅನ್ನೋದೇ ಪ್ರಶ್ನೆ. ಸಿಂಗಪುರದಲ್ಲೇ ಇದ್ದ ಭಾರತೀಯ ವಿದ್ಯಾರ್ಥಿಗೆ ಆ ಆದೇಶ ತಟ್ಟುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿದ್ದ ಬೇರೆ ದೇಶದ ವಿದ್ಯಾರ್ಥಿಗೆ ತಟ್ಟುತ್ತಿತ್ತು.

ಮೂರು: ಯಾವ ದಾರಿಯಲ್ಲಿ ಬರುತ್ತೀರಿ? ನೇರ ವಿಮಾನವೋ, ಮಧ್ಯೆ ಇಳಿದು ಹತ್ತುವುದೋ? ಒಂದೊಂದು ಬಬಲ್ ಒಪ್ಪಂದವೂ ಯಾರು ಎಲ್ಲಿಯವರೆಗೆ ಹೋಗಬಹುದು ಅಂತ ಬೇರೆ ಬೇರೆ ಹೇಳುತ್ತಿತ್ತು. ಕೆಲವು ಒಪ್ಪಂದದಲ್ಲಿ ಆ ದೇಶದಲ್ಲೇ ಇಳಿಯುವವರಿಗೆ ಮಾತ್ರ ಅವಕಾಶ, ಕೆಲವದರಲ್ಲಿ ಮುಂದಿನ ದೇಶಕ್ಕೂ ಹೋಗಬಹುದು. ಭಾರತಕ್ಕೆ ಬರುವಾಗಲೂ ದಾರಿ ಮುಖ್ಯವಾಗಿತ್ತು. 2021ರ ಫೆಬ್ರವರಿಯ ನಿಯಮದ ಪ್ರಕಾರ ಯುರೋಪ್ ಅಥವಾ ಕೊಲ್ಲಿ ದೇಶಗಳ ಮೂಲಕ ಬಂದವರು ಇಳಿದ ಮೇಲೆ ಇನ್ನೊಂದು ಸ್ಯಾಂಪಲ್ ಕೊಡಬೇಕಿತ್ತು.

ನಾಲ್ಕು: ಕೈಯಲ್ಲಿ ಯಾವ ಕಾಗದ ಇದೆ? ಪರೀಕ್ಷೆಯ ವರದಿ, ಲಸಿಕೆಯ ಪ್ರಮಾಣಪತ್ರ, ಸ್ವಯಂ ಘೋಷಣೆ. ಭಾರತಕ್ಕೆ ಆರ್‌ಟಿ-ಪಿಸಿಆರ್ ವರದಿಯೇ ಬೇಕಿತ್ತು. ಅದನ್ನು ಏರ್ ಸುವಿಧಾ ಪೋರ್ಟಲ್‌ಗೆ ಏರಿಸಬೇಕಿತ್ತು. ಅಮೆರಿಕಕ್ಕೆ ಆಂಟಿಜೆನ್ ವರದಿಯೂ ಸಾಕಾಗಿತ್ತು. ಸೋಂಕು ವಾಸಿಯಾದ ಮೇಲೂ ವಾರಗಟ್ಟಲೆ ಪಿಸಿಆರ್ ಪಾಸಿಟಿವ್ ಬರುವವರಿರುತ್ತಾರೆ. ಅಂಥವರು ಅಮೆರಿಕಕ್ಕೆ ಬರಲು, ಹಿಂದಿನ 90 ದಿನದೊಳಗಿನ ಪಾಸಿಟಿವ್ ವರದಿ ಮತ್ತು ‘ಗುಣವಾಗಿದ್ದಾರೆ’ ಅನ್ನುವ ವೈದ್ಯರ ಪತ್ರ ತೋರಿಸಬಹುದಿತ್ತು. ಈ ಸಾಲು ನಿಯಮದಲ್ಲೇ ಇತ್ತು. ಓದದೇ ಇದ್ದವರು ಟಿಕೆಟ್ ಮುಂದೂಡುತ್ತಾ ಕೂತರು.

ಐದು: ಗಡಿಯಾರ ಯಾವಾಗ ಶುರು? ಭಾರತದ ನಿಯಮದಲ್ಲಿ ‘72 ಗಂಟೆ’ ಅಂತಿತ್ತು, ಅಮೆರಿಕದಲ್ಲಿ ‘3 ದಿನ’. ಎರಡೂ ಒಂದೇ ಅನ್ನಿಸಬಹುದು, ಅಲ್ಲ. 72 ಗಂಟೆ ಅಂದರೆ ಗಂಟೆ ಎಣಿಸಬೇಕು. 3 ದಿನ ಅಂದರೆ ದಿನಾಂಕ ಎಣಿಸಬೇಕು. ಶುಕ್ರವಾರ ರಾತ್ರಿ 11ಕ್ಕೆ ವಿಮಾನವಿದ್ದರೆ ಮಂಗಳವಾರ ಬೆಳಗ್ಗೆ ಮಾಡಿಸಿದ ಪರೀಕ್ಷೆ ‘3 ದಿನ’ದ ಲೆಕ್ಕಕ್ಕೆ ನಡೆಯುತ್ತದೆ, 72 ಗಂಟೆಯ ಲೆಕ್ಕಕ್ಕೆ ನಡೆಯುವುದಿಲ್ಲ. ಜೊತೆಗೆ, ಎಣಿಕೆ ಸ್ಯಾಂಪಲ್ ಕೊಟ್ಟ ಹೊತ್ತಿನಿಂದಲೋ ವರದಿ ಬಂದ ಹೊತ್ತಿನಿಂದಲೋ, ಮೊದಲ ವಿಮಾನಕ್ಕೋ ಕೊನೆಯ ವಿಮಾನಕ್ಕೋ ಅನ್ನೋದನ್ನೂ ನೋಡಬೇಕು. 2021ರ ಡಿಸೆಂಬರ್ 6ರಿಂದ ಅಮೆರಿಕ ಇದನ್ನು ಒಂದೇ ದಿನಕ್ಕೆ ಇಳಿಸಿತು. 2022ರ ಜೂನ್ 12ರಂದು ಪರೀಕ್ಷೆಯ ನಿಯಮವನ್ನೇ ತೆಗೆಯಿತು.

ನಿಮ್ಮ ಗಡಿ ಇರುವುದು ಚೆಕ್-ಇನ್ ಕೌಂಟರಿನಲ್ಲಿ

ಈ ಐದು ಪ್ರಶ್ನೆಗೆ ಉತ್ತರ ಕೇಳುವವರು ಯಾರು? ಇಳಿದ ಮೇಲೆ ಇಮಿಗ್ರೇಷನ್ ಅಧಿಕಾರಿ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲು ವಿಮಾನ ಹತ್ತಬೇಕು. ಪ್ರವೇಶಕ್ಕೆ ಅರ್ಹರಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೇ ದಂಡ ಬೀಳುತ್ತದೆ, ಅವರನ್ನು ವಾಪಸ್ ಒಯ್ಯುವ ಹೊರೆಯೂ ಕಂಪನಿಯದ್ದೇ. ಹಾಗಾಗಿ ಕೌಂಟರಿನ ಸಿಬ್ಬಂದಿ ಅನುಮಾನ ಬಂದರೆ ‘ಬೇಡ’ ಅನ್ನುವುದೇ ಹೆಚ್ಚು. ಅವರು ನೋಡುವುದು ಟಿಮ್ಯಾಟಿಕ್ ಅನ್ನೋ ದತ್ತಾಂಶವನ್ನು. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ ಅಂದ್ರೆ ಐಯಾಟಾ ನಡೆಸುವ ವ್ಯವಸ್ಥೆ ಅದು. ನಿಮ್ಮ ಪಾಸ್‌ಪೋರ್ಟು, ವೀಸಾ, ದಾರಿ ಹಾಕಿದರೆ ಏನೇನು ಬೇಕು ಅಂತ ಅದು ತೋರಿಸುತ್ತದೆ.

ಇದರಿಂದ ನಮಗೆ ಎರಡು ಪಾಠ. ಒಂದು, ನಿಯಮ ನಿಮ್ಮ ಪರವಾಗಿ ಇದ್ದರೂ ಅದನ್ನು ಕೌಂಟರಿನಲ್ಲಿ ತೋರಿಸುವಂತೆ ಮುದ್ರಿಸಿ ಇಟ್ಟುಕೊಳ್ಳಬೇಕು. ಸರ್ಕಾರದ ಅಧಿಕೃತ ಪುಟದ ಪ್ರತಿ, ದಿನಾಂಕ ಕಾಣುವಂತೆ. ‘ನಮ್ಮ ಫ್ರೆಂಡ್ ಹೋದ ವಾರ ಹೋದ’ ಅನ್ನೋ ಮಾತು ಅಲ್ಲಿ ನಡೆಯುವುದಿಲ್ಲ. ಎರಡು, ಆದಷ್ಟು ಪೂರ್ತಿ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ತೆಗೆದುಕೊಳ್ಳಬೇಕು. ಅಗ್ಗ ಅಂತ ಎರಡು ಬೇರೆ ಟಿಕೆಟ್ ತಗೊಂಡರೆ ಮಧ್ಯದ ದೇಶದಲ್ಲಿ ಬ್ಯಾಗು ಬಿಡಿಸಿಕೊಳ್ಳಲು ಇಮಿಗ್ರೇಷನ್ ದಾಟಿ ಹೊರಗೆ ಬರಬೇಕಾಗಬಹುದು. ಆಗ ಆ ದೇಶದ ವೀಸಾ, ಆ ದೇಶದ ಕ್ವಾರಂಟೈನ್ ಎಲ್ಲಾ ನಿಮ್ಮ ತಲೆ ಮೇಲೆ. ಮೊದಲ ವಿಮಾನ ರದ್ದಾದರೆ ಎರಡನೇ ಕಂಪನಿಗೆ ಅದು ಸಂಬಂಧವೇ ಇಲ್ಲ.

ಹೋಗುವ ಲೆಕ್ಕ, ಬರುವ ಲೆಕ್ಕ

ಈಗ ಇದನ್ನೆಲ್ಲ ಒಂದು ಉದಾಹರಣೆಗೆ ಹಚ್ಚಿ ನೋಡೋಣ. ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಹಾಸನದವಳು, ಇಲ್ಲಿ ಎಂಎಸ್ ಎರಡನೇ ಸೆಮಿಸ್ಟರ್, ಎಫ್-1 ವೀಸಾ. 2021ರ ಏಪ್ರಿಲ್ ಮೂರನೇ ವಾರ. ಊರಿಂದ ಫೋನು: ಅಪ್ಪ ಆಸ್ಪತ್ರೆಯಲ್ಲಿ, ಆಕ್ಸಿಜನ್ ಹಾಕಿದ್ದಾರೆ.

ಹೋಗುವ ಲೆಕ್ಕ ನೋಡಿದರೆ ದಾರಿ ತೆರೆದೇ ಇದೆ. ಆಕೆ ಭಾರತದ ಪ್ರಜೆ, ಬಬಲ್ ವಿಮಾನವಿದೆ. ಆರ್‌ಟಿ-ಪಿಸಿಆರ್, ಏರ್ ಸುವಿಧಾ, ಊರಲ್ಲಿ 14 ದಿನ ಸ್ವಯಂ ನಿಗಾ. ಒಂದು ವೇಳೆ ಹೊರಡುವ ಮೊದಲೇ ಸಾವಿನ ಸುದ್ದಿ ಬಂದರೆ ಪರೀಕ್ಷೆಯಿಲ್ಲದೆ ಹೋಗಲು ವಿನಾಯಿತಿ ಇತ್ತು. ಆದರೆ ಆ ವಿನಾಯಿತಿಗೆ ವಿಮಾನ ಹತ್ತುವ 72 ಗಂಟೆ ಮೊದಲು ಅರ್ಜಿ ಹಾಕಬೇಕು ಅಂತ ನಿಯಮ. ಸಾವಿನ ಮನೆಯಲ್ಲಿ ಮೂರು ದಿನ ಅಂದ್ರೆ ಏನು ಅಂತ ನಮಗೆಲ್ಲ ಗೊತ್ತು. ಬೆಂಗಳೂರಲ್ಲಿ ಇಳಿದ ಮೇಲೆ ಹಾಸನ ತಲುಪಬೇಕು. ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಕೊರೊನಾ ಕರ್ಫ್ಯೂ ಇತ್ತು. ವಿಮಾನದ ಟಿಕೆಟ್ಟನ್ನೇ ಪಾಸಿನಂತೆ ತೋರಿಸಿಕೊಂಡು ಹೋಗಬೇಕಿತ್ತು.

ಬರುವ ಲೆಕ್ಕವೇ ಕಷ್ಟದ್ದು. ಏಪ್ರಿಲ್ 30ರಂದು ಅಧ್ಯಕ್ಷ ಬೈಡನ್ ಘೋಷಣೆ 10199ಕ್ಕೆ ಸಹಿ ಹಾಕಿದರು. ಮೇ 4ರಿಂದ, ಹಿಂದಿನ 14 ದಿನದಲ್ಲಿ ಭಾರತದಲ್ಲಿದ್ದ ತಾತ್ಕಾಲಿಕ ವೀಸಾದವರು ಅಮೆರಿಕ ಪ್ರವೇಶಿಸುವಂತಿರಲಿಲ್ಲ. ಪ್ರಜೆಗಳಿಗೆ, ಗ್ರೀನ್ ಕಾರ್ಡ್‌ನವರಿಗೆ, ಅವರ ಗಂಡ ಹೆಂಡತಿಯರಿಗೆ ವಿನಾಯಿತಿ ಇತ್ತು. ಸಹಿಗೂ ಜಾರಿಗೂ ನಡುವೆ ಸಿಕ್ಕಿದ್ದು ನಾಲ್ಕೇ ದಿನ. ಏಪ್ರಿಲ್ 25ಕ್ಕೆ ಹೊರಟ ನಮ್ಮ ವಿದ್ಯಾರ್ಥಿನಿ ಆ ನಾಲ್ಕು ದಿನದಲ್ಲಿ ಅಪ್ಪನನ್ನು ಬಿಟ್ಟು ಮರಳುವ ಮಾತೇ ಇಲ್ಲ.

ಈಗ ಆಕೆಯ ಮುಂದೆ ಎರಡು ದಾರಿ. ಮೊದಲನೆಯದು ಕಾಯುವುದು. ವಿದ್ಯಾರ್ಥಿಗಳಿಗಾಗಿ ‘ರಾಷ್ಟ್ರೀಯ ಹಿತಾಸಕ್ತಿಯ ವಿನಾಯಿತಿ’ ಅಂತ ಒಂದು ಇತ್ತು. 2021ರ ಆಗಸ್ಟ್ 1 ಅಥವಾ ಅದರ ನಂತರ ಶುರುವಾಗುವ ಓದಿಗೆ, ಹೊಸದಾಗಿ ಸೇರುವವರೂ ಮುಂದುವರಿಸುವವರೂ ಬರಬಹುದು. ಆದರೆ ತರಗತಿ ಶುರುವಾಗುವ 30 ದಿನಕ್ಕಿಂತ ಮೊದಲು ಬರುವಂತಿಲ್ಲ. ತರಗತಿ ಆಗಸ್ಟ್ 23ಕ್ಕೆ ಅಂದರೆ ಜುಲೈ 24ಕ್ಕೆ ಮೊದಲು ಇಲ್ಲ. ಬೇಸಿಗೆಯ ಇಂಟರ್ನ್‌ಶಿಪ್ ಹೋದಂತೆಯೇ. ಇಲ್ಲಿನ ಮನೆಯ ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಎರಡನೇ ದಾರಿ ಮೂರನೇ ದೇಶದಲ್ಲಿ 14 ದಿನ ಇದ್ದು ಬರುವುದು. ಕೆಲವರು ಹೀಗೆ ಬಂದರು. ಕೇಳೋಕೆ ಸುಲಭ. ಆದರೆ ಆ ದೇಶ ಭಾರತದ ಪಾಸ್‌ಪೋರ್ಟಿಗೆ ವೀಸಾ ಕೊಡಬೇಕು, ಭಾರತದಿಂದ ಬಂದವರನ್ನು ಒಳಗೆ ಬಿಡಬೇಕು, ಅಲ್ಲಿಗೆ ವಿಮಾನ ಇರಬೇಕು, ಹದಿನಾಲ್ಕು ದಿನದಲ್ಲಿ ಅದೂ ಬಾಗಿಲು ಹಾಕಬಾರದು, ಅಲ್ಲಿ ಸೋಂಕು ತಗುಲಬಾರದು. ಇದರಲ್ಲಿ ಒಂದು ತಪ್ಪಿದರೂ ಗೊತ್ತಿಲ್ಲದ ಊರಿನ ಹೋಟೆಲಿನಲ್ಲಿ ಒಬ್ಬರೇ.

ಇನ್ನೊಂದು ವಿಷಯ ಬಹಳ ಜನರಿಗೆ ತಡವಾಗಿ ಅರ್ಥವಾಯಿತು: ಐ-20 ಬೇರೆ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಬೇರೆ. ಐ-20 ಸರಿ ಇದ್ದರೆ ವೀಸಾ ಮುಗಿದಿದ್ದರೂ ಅಮೆರಿಕದೊಳಗೆ ಓದುತ್ತಾ ಇರಬಹುದು. ಹೊರಗೆ ಕಾಲಿಟ್ಟ ಮೇಲೆ ಮರಳಿ ಬರಲು ಚಾಲ್ತಿ ವೀಸಾ ಬೇಕು. ಚಾಲ್ತಿ ಎಫ್-1 ವೀಸಾ ಇದ್ದವರು ಮೇಲೆ ಹೇಳಿದ ವಿನಾಯಿತಿಗಾಗಿ ದೂತಾವಾಸಕ್ಕೆ ಬರೆಯಬೇಕಾಗಿರಲಿಲ್ಲ, ಅದು ತಾನಾಗಿಯೇ ಅನ್ವಯವಾಗುತ್ತಿತ್ತು. ವೀಸಾ ಮುಗಿದಿದ್ದವರಿಗೆ ಸಂದರ್ಶನದ ಸಮಯ ಬೇಕಿತ್ತು. ಆ ಮೇ ತಿಂಗಳಲ್ಲಿ ಭಾರತದಲ್ಲಿ ಮಾಮೂಲಿ ಸಂದರ್ಶನಗಳು ರದ್ದಾಗಿದ್ದವು. ಮತ್ತೆ ಶುರುವಾದಾಗಲೂ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಿತ್ತು.

ಒಂದು ಸಮಾಧಾನ ಇತ್ತು. ಮಾಮೂಲಿ ಕಾಲದಲ್ಲಿ ಐದು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಎಫ್-1 ಸ್ಥಿತಿ ಕಳೆದುಹೋಗಬಹುದು. ಕೋವಿಡ್ ಕಾಲದಲ್ಲಿ ಹೊರಗಿನಿಂದಲೇ ಆನ್‌ಲೈನ್‌ನಲ್ಲಿ ಓದು ಮುಂದುವರಿಸಿ, ದಾಖಲೆಯಲ್ಲಿ ಸಕ್ರಿಯರಾಗಿದ್ದವರಿಗೆ ಈ ನಿಯಮ ಅನ್ವಯಿಸುವುದಿಲ್ಲ ಅಂತ ಸರ್ಕಾರ ಹೇಳಿತ್ತು. ಆದರೆ ‘ಸಕ್ರಿಯ’ವಾಗಿ ಇಡುವುದು ನಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಕೈಯಲ್ಲಿತ್ತು. ಹೊರಡುವ ಮುಂಚೆ ಅವರಿಗೆ ಒಂದು ಇಮೇಲ್ ಹಾಕಿದವರಿಗೂ ಹಾಕದವರಿಗೂ ಇದರಿಂದ ಬಹಳ ವ್ಯತ್ಯಾಸವಾಯಿತು.

ಹಾಗಾದರೆ ಆಕೆ ಹೋಗಬಾರದಿತ್ತೇ? ಅದನ್ನು ಹೇಳುವ ಹಕ್ಕು ಯಾರಿಗೂ ಇಲ್ಲ. ಅಪ್ಪನ ಮುಖ ನೋಡುವುದೋ, ಇಂಟರ್ನ್‌ಶಿಪ್ಪೋ ಅನ್ನೋ ತಕ್ಕಡಿಯನ್ನು ಬೇರೆಯವರು ತೂಗಲಾಗದು. ಹೋದವರೂ ಇದ್ದರು, ಹೋಗದೆ ಫೋನಿನಲ್ಲೇ ಅಂತ್ಯಕ್ರಿಯೆ ನೋಡಿದವರೂ ಇದ್ದರು. ಆದರೆ ಎರಡೂ ಕಡೆಯ ತಟ್ಟೆಯಲ್ಲಿ ಏನಿದೆ ಅಂತ ತಿಳಿದು ತೂಗುವುದು ಬೇರೆ, ತಿಳಿಯದೆ ತೂಗುವುದು ಬೇರೆ. ಹೋಗುವ ದಾರಿ ತೆರೆದಿದೆ ಅಂದಮಾತ್ರಕ್ಕೆ ಬರುವ ದಾರಿ ತೆರೆದಿದೆ ಅಂತ ಅಲ್ಲ. ಎರಡನ್ನೂ ಎರಡು ಬೇರೆ ಸರ್ಕಾರಗಳು ನಿರ್ಧರಿಸುತ್ತವೆ.

ಅದೇ ತಿಂಗಳು, ಬೇರೆ ದೇಶಗಳು

ಬೇರೆ ದೇಶದಲ್ಲಿರುವ ಗೆಳೆಯರ ಅನುಭವ ನಮಗೆ ಯಾಕೆ ಅನ್ವಯಿಸುವುದಿಲ್ಲ ಅನ್ನೋದಕ್ಕೆ ಅದೇ 2021ರ ಏಪ್ರಿಲ್–ಮೇ ಸಾಕು.

ಬ್ರಿಟನ್ ಏಪ್ರಿಲ್ 23ರಿಂದ ಭಾರತವನ್ನು ಕೆಂಪು ಪಟ್ಟಿಗೆ ಹಾಕಿತು. ಆದರೂ ಅಲ್ಲಿನ ವಾಸದ ಹಕ್ಕು ಇದ್ದವರು, ವಿದ್ಯಾರ್ಥಿ ವೀಸಾದವರೂ ಸೇರಿ, ಒಳಗೆ ಹೋಗಬಹುದಿತ್ತು. ಹತ್ತು ದಿನ ಸರ್ಕಾರ ಹೇಳಿದ ಹೋಟೆಲಿನಲ್ಲಿ, 1,750 ಪೌಂಡ್ ಕೊಟ್ಟು. ಅಂದ್ರೆ ಬಾಗಿಲು ತೆರೆದಿತ್ತು, ಬಾಗಿಲಿಗೆ ಬೆಲೆ ಇತ್ತು.

ಕೆನಡಾ ಏಪ್ರಿಲ್ 22ರಿಂದ ನೇರ ವಿಮಾನಗಳನ್ನು ನಿಲ್ಲಿಸಿತು. ಅದು ಸೆಪ್ಟೆಂಬರ್ 26ರವರೆಗೆ ನಡೆಯಿತು. ಅಲ್ಲಿ ವೀಸಾದವರಿಗೆ ನಿಷೇಧ ಇರಲಿಲ್ಲ, ದಾರಿಗೆ ಇತ್ತು. ಬೇರೆ ದೇಶದ ಮೂಲಕ ಬರಬಹುದು, ಆದರೆ ಹೊರಡುವ ಮುಂಚಿನ ಕೋವಿಡ್ ಪರೀಕ್ಷೆ ಆ ಮೂರನೇ ದೇಶದಲ್ಲೇ ಆಗಬೇಕು. ಹಾಗಾಗಿ ವಿದ್ಯಾರ್ಥಿಗಳು ಮೆಕ್ಸಿಕೋ, ಮಾಲ್ಡೀವ್ಸ್ ಅಂತ ಸುತ್ತು ಹಾಕಿ, ಎರಡರಷ್ಟು ಮೂರರಷ್ಟು ಹಣ ಸುರಿದು ಬಂದರು.

ಆಸ್ಟ್ರೇಲಿಯಾ 2020ರ ಮಾರ್ಚ್ 20ರಿಂದಲೇ ವಿದ್ಯಾರ್ಥಿಗಳಿಗೆ ಬಾಗಿಲು ಹಾಕಿತ್ತು. ತೆರೆದದ್ದು 2021ರ ಡಿಸೆಂಬರ್ 15ಕ್ಕೆ. ಸುಮಾರು 21 ತಿಂಗಳು. ಆಸ್ಟ್ರೇಲಿಯಾದ ಡಿಗ್ರಿಯ ಅರ್ಧ ಭಾಗವನ್ನು ಊರಿನ ಮನೆಯಲ್ಲೇ ಕೂತು ಓದಿದವರಿದ್ದಾರೆ. 2021ರ ಮೇ 3ರಿಂದ 15ರವರೆಗೆ ಆ ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 14 ದಿನದೊಳಗೆ ಭಾರತದಲ್ಲಿದ್ದ ತನ್ನದೇ ಪ್ರಜೆಗಳು ಮನೆಗೆ ಮರಳಿದರೂ ಅದು ಅಪರಾಧ, ಐದು ವರ್ಷದವರೆಗೆ ಜೈಲು ಅಥವಾ 66,600 ಡಾಲರ್‌ವರೆಗೆ ದಂಡ. ಪಾಸ್‌ಪೋರ್ಟ್ ಇದ್ದರೆ ಮನೆಗೆ ಹೋಗುವ ಹಕ್ಕು ಯಾವತ್ತೂ ಇರುತ್ತೆ ಅನ್ನೋ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಅದು.

ಲಸಿಕೆಯ ಹೆಸರು, ನಮ್ಮ ಹೆಸರು

2021ರ ದ್ವಿತೀಯಾರ್ಧಕ್ಕೆ ಪ್ರಶ್ನೆ ಬದಲಾಯಿತು: ಯಾವ ಲಸಿಕೆ? ಕೋವಿಶೀಲ್ಡ್ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆಯ ಪಟ್ಟಿಯಲ್ಲಿ 2021ರ ಫೆಬ್ರವರಿಯಲ್ಲೇ ಸೇರಿತ್ತು. ಕೋವ್ಯಾಕ್ಸಿನ್ ಸೇರಿದ್ದು ನವೆಂಬರ್ 3ಕ್ಕೆ. ಹಾಗಾಗಿ ಆ ಆಗಸ್ಟ್‌ನಲ್ಲಿ ಬಂದ ಕೋವ್ಯಾಕ್ಸಿನ್ ವಿದ್ಯಾರ್ಥಿಗಳಿಗೆ ಹಲವು ವಿಶ್ವವಿದ್ಯಾಲಯಗಳು ಮತ್ತೆ ಬೇರೆ ಲಸಿಕೆ ಹಾಕಿಸಿಕೊಳ್ಳಲು ಹೇಳಿದವು. ನವೆಂಬರ್ 8ರಂದು ಅಮೆರಿಕ ದೇಶವಾರು ನಿಷೇಧವನ್ನು ತೆಗೆದು, ಲಸಿಕೆ ಆಗಿರಬೇಕು ಅನ್ನೋ ನಿಯಮ ತಂದಾಗ ಎರಡೂ ನಡೆಯುತ್ತಿದ್ದವು. ಇನ್ನೊಂದು ತೊಡಕು ಡೋಸುಗಳ ಅಂತರ. ಕೋವಿಶೀಲ್ಡ್‌ನ ಎರಡನೇ ಡೋಸಿಗೆ ಭಾರತದಲ್ಲಿ 84 ದಿನ ಕಾಯಬೇಕಿತ್ತು. ಹೊರದೇಶಕ್ಕೆ ಓದಲು ಹೋಗುವವರಿಗೆ ಜೂನ್‌ನಲ್ಲಿ ಅದನ್ನು 28 ದಿನಕ್ಕೆ ಇಳಿಸಿದರು, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಲೂ ಅವಕಾಶ ಕೊಟ್ಟರು.

ಇಲ್ಲಿ ನಮ್ಮ ಕಡೆಯವರದ್ದೇ ಒಂದು ವಿಶೇಷ ಸಮಸ್ಯೆ ಇದೆ, ಇನಿಷಿಯಲ್. ಆಧಾರ್‌ನಲ್ಲಿ ‘ಮಂಜುನಾಥ ಕೆ ಎಸ್’, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲಾ ಬಿಡಿಸಿ ಬರೆದ ಮೂರು ಪದ, ಪರೀಕ್ಷೆಯ ವರದಿಯಲ್ಲಿ ಬರೀ ‘ಮಂಜುನಾಥ’. ನಮಗೆ ಮೂವರೂ ಒಬ್ಬನೇ. ಕೌಂಟರಿನಲ್ಲಿ ಕೂತವರಿಗೆ ಮೂವರು. ಲಸಿಕೆ ಇರಲಿ, ಲ್ಯಾಬ್ ವರದಿ ಇರಲಿ, ಟಿಕೆಟ್ ಇರಲಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು, ಜೊತೆಗೆ ಪಾಸ್‌ಪೋರ್ಟ್ ಸಂಖ್ಯೆ ಬರೆಸಿ. ಇದಕ್ಕೆ ಖರ್ಚಿಲ್ಲ, ಮರೆತರೆ ಮಾತ್ರ ಖರ್ಚು.

ಇದರಿಂದ ಸೋಂಕು ನಿಂತಿತೇ?

ನ್ಯಾಯವಾದ ಪ್ರಶ್ನೆ. ದ್ವೀಪ ರಾಷ್ಟ್ರಗಳು ಬಹಳ ಬೇಗ, ಬಹಳ ಬಿಗಿಯಾಗಿ ಮುಚ್ಚಿದಾಗ ಅವಕ್ಕೆ ಸಮಯ ಸಿಕ್ಕಿತು. ಸೋಂಕು ಒಳಗೆ ಬಂದ ಮೇಲೆ ಒಂದೊಂದೇ ದೇಶಕ್ಕೆ ಹಾಕಿದ ನಿಷೇಧ ಹೆಚ್ಚಾಗಿ ತಡವಾಗಿತ್ತು. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2021ರ ನವೆಂಬರ್ 26ರಂದು ಒಮಿಕ್ರಾನ್‌ಗೆ ಹೆಸರಿಟ್ಟರು. ಅಮೆರಿಕ ದಕ್ಷಿಣ ಆಫ್ರಿಕಾವೂ ಸೇರಿ ಆ ಭಾಗದ ಎಂಟು ದೇಶಗಳಿಗೆ 29ರಿಂದ ನಿರ್ಬಂಧ ಹಾಕಿತು. ಡಿಸೆಂಬರ್ 15ಕ್ಕೆ ಮಾಮೂಲಿ ವಿಮಾನ ಶುರು ಮಾಡಬೇಕೆಂದಿದ್ದ ಭಾರತ ಅದನ್ನು ಮುಂದಕ್ಕೆ ಹಾಕಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಲ್ಲಿ ಪತ್ತೆಯಾದವು. ಅದರಲ್ಲಿ ಒಬ್ಬರು ಯಾವ ವಿದೇಶಕ್ಕೂ ಹೋಗಿ ಬಂದವರಲ್ಲ. ಅಂದ್ರೆ ಬಾಗಿಲು ಹಾಕುವ ಹೊತ್ತಿಗೆ ವೈರಸ್ಸು ಒಳಗಿತ್ತು. ಅಮೆರಿಕ ತನ್ನ ಆ ನಿರ್ಬಂಧವನ್ನು ಡಿಸೆಂಬರ್ ಕೊನೆಗೆ ತೆಗೆದುಹಾಕಿತು.

ಸರ್ಕಾರಗಳಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಮುಂದಿನ ಸಲವೂ ಹಾಕುತ್ತವೆ, ಯಾಕೆಂದರೆ ತುರ್ತಿನಲ್ಲಿ ತಕ್ಷಣ ಮಾಡಿ ತೋರಿಸಬಹುದಾದ ಕೆಲಸ ಅದು. ಆದ್ದರಿಂದ ನಾವು ತಯಾರಾಗಿರುವುದೇ ಸರಿ.

ಈಗಲೇ ಮಾಡಿಟ್ಟುಕೊಳ್ಳಬಹುದಾದವು

- ಪಾಸ್‌ಪೋರ್ಟ್, ವೀಸಾ, ಐ-20, ಈ ಮೂರರ ಕೊನೆಯ ದಿನಾಂಕಗಳನ್ನು ಒಂದೇ ಕಡೆ ಬರೆದಿಡಿ. ಪಾಸ್‌ಪೋರ್ಟ್ ಮುಗಿಯಲು ವರ್ಷ ಇರುವಾಗಲೇ ನವೀಕರಿಸಿ.
- ಐ-20 ಮೇಲಿನ ಪ್ರಯಾಣದ ಸಹಿ ಓದುತ್ತಿರುವವರಿಗೆ ಒಂದು ವರ್ಷ, ಒಪಿಟಿಯಲ್ಲಿ ಇರುವವರಿಗೆ ಆರು ತಿಂಗಳು ನಡೆಯುತ್ತದೆ. ಹೋಗುವ ಯೋಚನೆ ಇಲ್ಲದಿದ್ದರೂ ಹಾಕಿಸಿಡಿ.
- ಭಾರತದ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸಿ. 2020ರ ಮೇನಲ್ಲಿ ದೂತಾವಾಸ ಕರೆದದ್ದು ತನ್ನ ಪಟ್ಟಿಯಲ್ಲಿ ಹೆಸರಿದ್ದವರನ್ನು.
- ಒಂದು ತುರ್ತು ಟಿಕೆಟ್ಟಿನಷ್ಟು, ಅದರ ಜೊತೆ ಎರಡು ವಾರದ ಹೋಟೆಲಿನಷ್ಟು ಹಣವನ್ನು ಮುಟ್ಟದೆ ಇಡಿ. ಒಬ್ಬರಿಗೆ ಆಗದಿದ್ದರೆ ನಾಲ್ಕು ಗೆಳೆಯರು ಸೇರಿ ಇಡಬಹುದು.
- ಲಸಿಕೆ ದಾಖಲೆ, ಪಾಸ್‌ಪೋರ್ಟಿನ ಪುಟಗಳು, ಅಪ್ಪ ಅಮ್ಮನ ಆಸ್ಪತ್ರೆ ದಾಖಲೆಗಳ ಪ್ರತಿ ಫೋನಿನಲ್ಲೂ ಕಾಗದದಲ್ಲೂ ಇರಲಿ. ತುರ್ತು ವಿನಾಯಿತಿ ಕೇಳಿದಾಗ ಮೊದಲು ಕೇಳುವುದು ಅದನ್ನೇ.
- ಊರಲ್ಲಿ ಮನೆಯವರಿಗೆ ಹತ್ತಿರದ ಒಬ್ಬರನ್ನು ಗೊತ್ತುಮಾಡಿ. ಪಕ್ಕದ ಮನೆಯವರು, ಸೋದರಮಾವ, ನಿಮ್ಮ ಹಳೆಯ ಕ್ಲಾಸ್‌ಮೇಟು, ಯಾರಾದರೂ ಸರಿ. ನೀವು ಹೋಗಲಾಗದ ದಿನ ಆಸ್ಪತ್ರೆಗೆ ಕರೆದೊಯ್ಯುವವರು ಅವರೇ.

ಕೊನೆಗೊಂದು ಮಾತು. ನಿರ್ಬಂಧದ ಸುದ್ದಿ ಬಂದ ದಿನ ವಾಟ್ಸಾಪ್‌ನಲ್ಲಿ ನೂರು ಫಾರ್ವರ್ಡ್ ಬರುತ್ತವೆ. ಅವನ್ನು ಬದಿಗಿಟ್ಟು ಮೂಲ ಆದೇಶ ತೆರೆಯಿರಿ, ಸಾಮಾನ್ಯವಾಗಿ ಕೆಲವೇ ಪುಟ ಇರುತ್ತದೆ. ಪೆನ್ನು ಹಿಡಿದು ಐದು ಪ್ರಶ್ನೆಗಳಿಗೆ ನಿಮ್ಮ ಉತ್ತರ ಬರೆಯಿರಿ, ಹೋಗುವುದಕ್ಕೆ ಒಂದು ಸಲ, ಬರುವುದಕ್ಕೆ ಇನ್ನೊಂದು ಸಲ. ಒಬ್ಬರೇ ಕೂತು ಓದಬೇಡಿ, ಹಿಂದಿನ ಸಲ ನೋಡಿದ ಹಿರಿಯರು ನಮ್ಮ ಸಂಘದಲ್ಲಿದ್ದಾರೆ, ಕೇಳಿ. ಅರ್ಧರಾತ್ರಿ ಆದರೂ ಪರವಾಗಿಲ್ಲ, ಅಂಥ ಫೋನುಗಳು ಬರುವುದು ಆ ಹೊತ್ತಿಗೇ.